ಎಡಗಡೆಯ ತಟ್ಟೆ

ಅವನು ಒಡೆದ ಮೊದಲ ಏಡಿಯ ಕಾಲು ಅವನ ತಟ್ಟೆಯಲ್ಲಿ ಉಳಿಯಲೇ ಇಲ್ಲ. ಇಕ್ಕಳದಿಂದ ಜಾರಿ, ಎರಡು ಮೇಜು ದಾಟಿ, ನಾನು ಮಡಚಿ ಜೋಡಿಸುತ್ತಿದ್ದ ಬಿಳಿ ನ್ಯಾಪ್‌ಕಿನ್‌ಗಳ ಮೇಲೆ ಬಂದು ಕೂತಿತು.

ಮಧ್ಯಾಹ್ನ ಮೂರು ಗಂಟೆ. ಹೋಟೆಲಿನಲ್ಲಿ ಅವನೊಬ್ಬನೇ ಗಿರಾಕಿ, ನಾನೊಬ್ಬಳೇ ಸರ್ವರ್, ಒಳಗೆ ಅಡುಗೆಯಣ್ಣ. ನೋಡಿದವರು ಇನ್ಯಾರೂ ಇಲ್ಲ. ಆದರೂ ಅವನ ಮುಖ ಬೆಂದ ಏಡಿಗಿಂತ ಕೆಂಪಾಗಿತ್ತು. ನಾನು ಆ ಕಾಲನ್ನು ಚಿಕ್ಕ ಪ್ಲೇಟಿನಲ್ಲಿಟ್ಟು, ಹೊಸದಾಗಿ ಆರ್ಡರ್ ಮಾಡಿದ್ದೇನೋ ಎಂಬಂತೆ ತಂದು ಬಡಿಸಿದೆ. ಅವನು ಮೂರು ಸಲ ಸಾರಿ ಎಂದ. ಒಂದು ನನಗೆ, ಒಂದು ನ್ಯಾಪ್‌ಕಿನ್‌ಗೆ, ಕೊನೆಯದು ಏಡಿಗೆ ಇರಬೇಕು. ಗಿರಾಕಿಯನ್ನು ನೋಡಿ ನಗಬಾರದೆಂಬುದು ಮಾಲೀಕರ ಕಟ್ಟಪ್ಪಣೆ. ನಾನು ನಕ್ಕುಬಿಟ್ಟೆ.

ನಕ್ಕಿದ್ದಕ್ಕೆ ಅವನಿಗೆ ಧೈರ್ಯ ಬಂತೆಂದು ಕಾಣುತ್ತದೆ, ಕಥೆಯೆಲ್ಲ ಹೇಳಿದ. ಪಕ್ಕದ ಬೀದಿಯ ಮೂಲೆಯಲ್ಲಿರುವ ಕನ್ನಡಕದಂಗಡಿ ಅವನದು. ಒಂದು ಸಂಬಂಧ ಬಂದಿದೆ. ಹುಡುಗಿಯ ತಂದೆ ಮೀನಿನ ಸಗಟು ವ್ಯಾಪಾರಿ, ಮತ್ತು ಅವರ ಮನೆಯಲ್ಲಿ ಅಜ್ಜನ ಕಾಲದಿಂದ ಒಂದು ಪದ್ಧತಿ. ಹುಡುಗ ಎಲ್ಲರ ಜೊತೆ ಊಟಕ್ಕೆ ಕೂರಬೇಕು. ಏಡಿ ಕಚ್ಚಲು ಬಳಸುವ ದೊಡ್ಡ ಕಾಲಿದೆಯಲ್ಲ, ಕೊಂಡಿ, ಅದನ್ನು ಒಡೆದು, ಒಳಗಿನ ಮಾಂಸವನ್ನು ಮುರಿಯದಂತೆ ಇಡಿಯಾಗಿ ತೆಗೆದು, ಹುಡುಗಿಯ ತಟ್ಟೆಯಲ್ಲಿಡಬೇಕು. ಮಾತಿಲ್ಲ ಕಥೆಯಿಲ್ಲ. ಅದೇ ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ ಹಾಗೆ. ಈಗಾಗಲೇ ಇಬ್ಬರು ಒಡೆಯಲಾಗದೆ ಎದ್ದು ಹೋಗಿದ್ದರಂತೆ. ಇವನಿಗೆ ಉಳಿದಿದ್ದು ನಾಲ್ಕು ವಾರ.

"ನೀವು ಕಲಿಸ್ತೀರಾ?" ಎಂದ.

ಕೆಲಸ ಇದೆ ಎನ್ನಬೇಕಿತ್ತು. ಗುರುವಾರ ಮೂರಕ್ಕೆ ಬನ್ನಿ ಎಂದೆ. ಆ ಹೊತ್ತಿಗೆ ಮಾಲೀಕರು ಮನೆಗೆ ಹೋಗಿ ನಿದ್ದೆ ಮಾಡುತ್ತಿರುತ್ತಾರೆ.

ಮೊದಲ ಗುರುವಾರ ಅವನ ಎದುರು ಕೂತು ತೋರಿಸಿಕೊಟ್ಟೆ. ನನ್ನ ಬಲಗೈ ಅವನ ಕಣ್ಣಿಗೆ ಎಡವಾಗಿ, ಅವನು ತಿರುಚಬೇಕಾದ ಕಡೆ ಎಳೆದು, ಎಳೆಯಬೇಕಾದ ಕಡೆ ಒತ್ತಿದ. ಹಾಗಾಗಿ ಎದ್ದು ಅವನ ಪಕ್ಕಕ್ಕೆ ಹೋದೆ. ಅವನ ಬಲಕ್ಕೆ ಗೋಡೆ, ಎಡಕ್ಕೆ ಖಾಲಿ ಕುರ್ಚಿ. ಅಲ್ಲಿ ಕೂತೆ.

ಮೊದಲು ಸಣ್ಣ ಕಾಲುಗಳನ್ನು ತಿರುಚಿ ತೆಗೆಯಿರಿ. ಆಮೇಲೆ ಮಗುಚಿ, ಹೊಟ್ಟೆಯ ಮೇಲಿನ ಮುಚ್ಚಳಕ್ಕೆ ಹೆಬ್ಬೆರಳು ಕೊಟ್ಟು, ಮೇಲಿನ ಚಿಪ್ಪನ್ನು ಎಬ್ಬಿಸಿ. ಎರಡೂ ಪಕ್ಕದಲ್ಲಿ ಬೂದು ಬಣ್ಣದ ಗರಿಯಂಥದ್ದು ಇರುತ್ತದೆ, ಅದನ್ನು ತಿನ್ನಬಾರದು, ಪಕ್ಕದ ಬಟ್ಟಲಿಗೆ ಹಾಕಿ. ಉಳಿದದ್ದನ್ನು ನಡುವೆ ಎರಡಾಗಿ ಮುರಿಯಿರಿ. ಇಷ್ಟೇ. ನಿಂಬೆಹೋಳು ತೇಲುವ ನೀರು ಕೈ ತೊಳೆಯಲಿಕ್ಕೆ, ಕುಡಿಯಲಿಕ್ಕಲ್ಲ. ಇದನ್ನು ಹೇಳುವ ಮೊದಲೇ ಅವನು ಬಟ್ಟಲೆತ್ತಿ ಅರ್ಧ ಕುಡಿದಿದ್ದ.

"ತಿನ್ನುವಾಗ ನನ್ನ ಮುಖ ನೋಡ್ಬೇಡಿ" ಎಂದೆ. "ಸದ್ದಾಗ್ಲಿ, ಕೈ ಅಂಟಾಗ್ಲಿ, ರಸ ತೊಟ್ಟಿಕ್ಲಿ. ಸಾರಿ ಅನ್ಬೇಡಿ. ನೀವು ನಾಚಿಕೊಂಡ್ರೇನೇ ಎಲ್ರೂ ತಿರುಗಿ ನೋಡೋದು."

"ನಾಚಿಕೆ ಏಡಿಯಿಂದಲ್ಲ ರೀ" ಎಂದ. ಏಡಿಯಿಂದಲ್ಲದಿದ್ದರೆ ಯಾರಿಂದ ಎಂದು ನಾನು ಕೇಳಲಿಲ್ಲ. ಚಿಪ್ಪುಗಳ ಬಟ್ಟಲು ಎತ್ತಿಕೊಂಡು ಒಳಗೆ ಹೋಗಿ, ಅಡುಗೆಯಣ್ಣನ ಎದುರು ಸುಮ್ಮನೆ ನಿಂತು ವಾಪಸ್ಸು ಬಂದೆ.

ಕೊನೆಗೆ ಕೊಂಡಿ. ಕನ್ನಡಕದ ಗಾಜನ್ನು ಗೀರು ಬೀಳದಂತೆ ಉಜ್ಜಿ ಕೂರಿಸುವ ಮನುಷ್ಯ, ಕೊಂಡಿಯನ್ನು ಮಾತ್ರ ಜಜ್ಜಿ ಚಟ್ನಿ ಮಾಡಿದ. ಆ ಚಟ್ನಿಯನ್ನೇ ಗಂಭೀರವಾಗಿ ಬೆರಳ ತುದಿಯಲ್ಲಿ ಎತ್ತಿ, ಎಡಕ್ಕೆ ಬಾಗಿ, ನನ್ನ ತಟ್ಟೆಯಲ್ಲಿಟ್ಟ. ಅಭ್ಯಾಸವೆಂದರೆ ಪೂರ್ತಿ ಅಭ್ಯಾಸ ಮಾಡಬೇಕಲ್ಲ. ನಾನು ತಿಂದೆ. ಬೇರೊಬ್ಬಳ ಹೆಸರಿಗೆ ಬಂದ ಕಾಗದವನ್ನು ಒಡೆದು ಓದಿದ ಹಾಗಿತ್ತು.

ಎರಡನೇ ವಾರ ಸಿಗಡಿ, ಕಪ್ಪೆಚಿಪ್ಪು. ತಿಂದು ಖಾಲಿಯಾದ ಒಂದು ಚಿಪ್ಪನ್ನೇ ಚಿಮಟದಂತೆ ಹಿಡಿದು ಉಳಿದವುಗಳ ಮಾಂಸ ಕೀಳಬಹುದೆಂದು ತೋರಿಸಿದಾಗ ಅವನು ಅದನ್ನು ದೀಪದ ಕೆಳಗೆ ಹಿಡಿದು, ಹೊರಳಿಸಿ, ನನ್ನತ್ತ ನೋಡಿದ. ನನ್ನನ್ನಲ್ಲ, ಚಿಪ್ಪನ್ನು ಮೆಚ್ಚಿದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಕೊಂಡಿಯ ಮಾಂಸ ಆ ವಾರವೂ ಮೂರು ತುಂಡಾಯಿತು. ಮೂರೂ ನನ್ನ ತಟ್ಟೆಗೆ ಬಂದವು.

ಮನೆಯಲ್ಲಿ ಅತ್ತಿಗೆ ಮೂಗು ಅರಳಿಸಿದಳು. ಅಣ್ಣನ ಹೆಂಡತಿಯಾದರೂ ನನ್ನ ಮಟ್ಟಿಗೆ ಅವಳೇ ಅಮ್ಮ, ಅವಳೇ ಪೊಲೀಸು.

"ಬಡಿಸಿದ್ರೆ ಕೈ ಏಡಿ ವಾಸನೆ ಬರ್ಬೇಕು. ಬಾಯಿ ಯಾಕೆ ವಾಸನೆ ಬರುತ್ತೆ?"

ಇದ್ದದ್ದು ಇದ್ದ ಹಾಗೆ ಹೇಳಿದೆ, ಒಂದನ್ನು ಬಿಟ್ಟು. ಆ ಬಿಟ್ಟ ಒಂದನ್ನೇ ಅವಳು ಹಿಡಿದಳು. ಬಟ್ಟೆ ಮಡಚುತ್ತಿದ್ದ ಕೈ ನಿಲ್ಲಿಸಿ, "ಬೇರೆಯವ್ರ ಮದುವೆಗೆ ನೀನ್ಯಾಕೆ ಚಪ್ಪರ ಹಾಕ್ತಿದೀಯ?" ಎಂದಳು. ನಾನು ಮಡಚಿಟ್ಟ ಬಟ್ಟೆ ಎತ್ತಿಕೊಂಡು ಕೋಣೆಗೆ ಹೋದೆ.

ಮೂರನೇ ಗುರುವಾರ ಏಡಿ ಬರುವ ಮುಂಚೆಯೇ ಅವನು ನನ್ನ ಮುಖವನ್ನೇ ನೋಡುತ್ತ ಕೂತಿದ್ದ. ಮುಖಕ್ಕೇನಾದರೂ ಅಂಟಿದೆಯೇನೋ ಎಂದು ಏಪ್ರನ್ನಿನಿಂದ ಒರೆಸಿಕೊಂಡೆ.

"ನಿಮ್ಮ ಕನ್ನಡಕ ಮೂಗಿನ ಮೇಲೆ ನಿಲ್ತಾನೇ ಇಲ್ಲ. ಮೊದಲ ದಿನದಿಂದ ನೋಡ್ತಿದೀನಿ, ತಡ್ಕೊಳೋಕೆ ಆಗ್ತಿಲ್ಲ. ಕೊಡಿ ಇಲ್ಲಿ."

ಕೊಡಿ ಎಂದವನು ನಾನು ಕೊಡುವವರೆಗೂ ಕಾಯಲಿಲ್ಲ. ಎರಡೂ ಕೈಯಿಂದ, ಕಿವಿಗೆ ತಾಕದಂತೆ, ನಿಧಾನವಾಗಿ ತೆಗೆದುಕೊಂಡ. ಜೇಬಿನಿಂದ ಕಡ್ಡಿಯಷ್ಟು ಚಿಕ್ಕ ಸ್ಕ್ರೂಡ್ರೈವರ್ ತೆಗೆದದ್ದು ಮಸುಕಾಗಿ ಕಂಡಿತು. ಕನ್ನಡಕವಿಲ್ಲದೆ ನನಗೆ ಮೊಳದಾಚೆ ಏನೂ ಕಾಣುವುದಿಲ್ಲ. ಎರಡು ನಿಮಿಷ ಅವನು ನನ್ನ ಪಾಲಿಗೆ ಒಂದು ನೀಲಿ ಶರ್ಟು, ಒಂದು ಉಸಿರು, ಅಷ್ಟೇ ಆಗಿದ್ದ. ಆಮೇಲೆ ಕನ್ನಡಕವನ್ನು ಮತ್ತೆ ನನ್ನ ಮುಖಕ್ಕಿಟ್ಟ. ಎದುರಿಗೆ ಅವನ ಮುಖ ಸ್ಪಷ್ಟವಾಗಿ, ತೀರಾ ಹತ್ತಿರದಲ್ಲಿತ್ತು. ಇಬ್ಬರೂ ಒಂದು ಗಳಿಗೆ ಅಲ್ಲಾಡಲಿಲ್ಲ. ಅಡುಗೆಯಣ್ಣ ಒಳಗಿನಿಂದ ಏಡಿ ರೆಡಿ ಎಂದು ಕೂಗಿದ.

ಅವತ್ತು ನನಗೆ ಗೊತ್ತಾಯಿತು, ನಾನು ಅವನನ್ನು ಪ್ರೀತಿಸುತ್ತಿದ್ದೇನೆಂದು. ಗೊತ್ತಾಗಿ ಪ್ರಯೋಜನವೇನೂ ಇರಲಿಲ್ಲ.

ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ಕೊಂಡಿಯ ಮಾಂಸ ಇಡಿಯಾಗಿ ಬರಲು ಒಂದು ಉಪಾಯವಿದೆ. ಒಡೆಯುವ ಮೊದಲು, ಅಲ್ಲಾಡುವ ಆ ಚಿಕ್ಕ ಬೆರಳನ್ನು ಹಿಂದಕ್ಕೆ ಬಾಗಿಸಿ ಎಳೆದರೆ, ಒಳಗಿರುವ ತೆಳ್ಳನೆಯ ಎಲುಬು ಅದರ ಜೊತೆಗೇ ಬರುತ್ತದೆ. ಆಮೇಲೆ ಇಕ್ಕಳದಿಂದ ಒಂದೇ ಏಟು, ಮಾಂಸ ತಾನಾಗಿ ಜಾರುತ್ತದೆ. ಇದನ್ನು ನಾನು ಅವನಿಗೆ ಮೂರು ವಾರ ಹೇಳಿಕೊಡಲಿಲ್ಲ. ಕೈ ಇನ್ನೂ ಪಳಗಿಲ್ಲ, ಮುಂದಿನ ವಾರ ಹೇಳೋಣ ಎಂದು ನೆಪ ಮಾಡಿದೆ. ಅವನು ಸೋತು ಬರಲಿ ಎಂದು ಬಯಸಿದ್ದು ನಿಜ. ಅಂಥ ಬುದ್ಧಿ ನನ್ನಲ್ಲಿದೆ ಎಂದು ಮೊದಲು ಗೊತ್ತಿರಲಿಲ್ಲ.

ನಾಲ್ಕನೇ ಗುರುವಾರ ಅವನು ತಲೆಗೂದಲು ಕತ್ತರಿಸಿಕೊಂಡು ಬಂದಿದ್ದ. ಕಿವಿಯ ಹಿಂದೆ ಎಳೆ ಚರ್ಮ ಕಾಣುತ್ತಿತ್ತು. ಆ ಕಿವಿ ನೋಡಿ ನನಗೆ ಪಾಪ ಅನ್ನಿಸಿತು. ಅಷ್ಟು ಜನರೆದುರು ಇವನ ಮುಖ ಕೆಂಪಾಗುವುದನ್ನು ಊಹಿಸಿಕೊಳ್ಳಲು ಆಗಲಿಲ್ಲ. ಹೇಳಿಕೊಟ್ಟೆ. ಅವನು ತಲೆಯಾಡಿಸಿ, ಬಾಗಿಸಿದ, ಎಳೆದ, ಒಂದೇ ಏಟು ಕೊಟ್ಟ. ಬಿಳಿ ಮಾಂಸ, ತುದಿ ಮಾತ್ರ ಕೆಂಪು, ಒಂದು ಎಳೆ ಹರಿಯದೆ ಹೊರಬಂತು. ಅದನ್ನು ನನ್ನ ತಟ್ಟೆಯಲ್ಲಿಟ್ಟ.

ಇಬ್ಬರೂ ಅದನ್ನೇ ನೋಡಿದೆವು. ಚೆನ್ನಾಗಿ ಬಂದಿದೆ ಎಂದು ಟೀಚರ್ ಹೇಳಬೇಕಾದ ಹೊತ್ತು. ನಾನು ನಿಂಬೆನೀರಿನ ಬಟ್ಟಲನ್ನು ಅವನತ್ತ ಸರಿಸಿದೆ.

"ತಿನ್ನಿ" ಎಂದ ಅವನು. "ಆರಿ ಹೋಗುತ್ತೆ."

ತಿಂದೆ. ಅವನು ಬೆರಳು ಒರೆಸಿಕೊಂಡು, ಭಾನುವಾರ ಊಟ, ಆಶೀರ್ವಾದ ಮಾಡಿ ಟೀಚರ್ ಎಂದು ತಮಾಷೆ ಮಾಡಲು ನೋಡಿದ. ಇಬ್ಬರಿಗೂ ನಗು ಬರಲಿಲ್ಲ.

ಮುಂದಿನ ಗುರುವಾರ ಅವನು ಬರುವ ಕಾರಣವಿರಲಿಲ್ಲ. ಆದರೂ ಮೂರಕ್ಕೆ ಬಾಗಿಲು ತಳ್ಳಿಕೊಂಡು ಬಂದ. ಏನೂ ಆರ್ಡರ್ ಮಾಡಲಿಲ್ಲ. ನಾನು ನೀರಿಟ್ಟು, ನಿಂತೇ, ಏನಾಯಿತು ಎಂದು ಕೇಳಿದೆ.

ಎಲ್ಲ ಚೆನ್ನಾಗೇ ಆಯಿತಂತೆ. ಸಾರಿ ಎನ್ನಲಿಲ್ಲ, ನಿಂಬೆನೀರು ಕುಡಿಯಲಿಲ್ಲ. ಕೊಂಡಿಯ ಮಾಂಸ ಇಡಿಯಾಗಿ ಬಂತು. ಮೇಜಿನವರೆಲ್ಲ ತಿನ್ನುವುದು ನಿಲ್ಲಿಸಿದರು. ಹುಡುಗಿ ಕೂತಿದ್ದು ಅವನ ಬಲಕ್ಕೆ. ಅವನು ಎಡಕ್ಕೆ ಬಾಗಿ, ಅಲ್ಲಿದ್ದ ತಟ್ಟೆಯಲ್ಲಿಟ್ಟ. ಅದು ಹುಡುಗಿಯ ಅಜ್ಜಿಯ ತಟ್ಟೆ.

"ಯೋಚನೆ ಮಾಡಿ ಇಟ್ಟಿದ್ದಲ್ಲ. ಕೈ ತಾನಾಗೇ ಹೋಯ್ತು" ಎಂದ.

ಎಂಬತ್ತು ದಾಟಿದ ಅಜ್ಜಿ ಒಂದು ಮಾತೂ ಆಡದೆ ಅದನ್ನು ಬಾಯಿಗೆ ಹಾಕಿಕೊಂಡರಂತೆ. ಮನೆಯವರು ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಆ ಹುಡುಗಿ. ಆಮೇಲೆ ತನ್ನ ಏಡಿಯಿಂದ ಕೊಂಡಿಯನ್ನು ಕಿತ್ತು ಅವನ ಮುಂದಿಟ್ಟು, ಅಜ್ಜಿಗೆ ವರ ಸಿಕ್ಕಾಯಿತು, ಇದು ನನಗೆ, ಅವಸರ ಮಾಡಬೇಡಿ ಎಂದಳಂತೆ. ಅವಳ ದನಿಯಲ್ಲಿ ಚುಚ್ಚುವಂಥದ್ದೇನೂ ಇರಲಿಲ್ಲವಂತೆ.

"ಒಳ್ಳೆಯವಳು" ಎಂದೆ.

"ಹೂಂ. ತುಂಬಾ."

"ಕೆಟ್ಟವಳಾಗಿದ್ರೆ ಚೆನ್ನಾಗಿತ್ತು" ಎಂದೆ.

ಹೇಳಿಬಿಟ್ಟ ಮೇಲೆ ಮುಚ್ಚಿಡುವುದೇನು ಬಂತು. ಕುರ್ಚಿ ಎಳೆದುಕೊಂಡು ಕೂತೆ, ಈ ಸಲ ಎದುರಿಗೆ. ಮೂರು ವಾರ ಬೇಕಂತಲೇ ಆ ಉಪಾಯ ಹೇಳಿಕೊಡಲಿಲ್ಲ ಎಂದೆ. ಅವನು ಆಶ್ಚರ್ಯಪಡಲಿಲ್ಲ.

"ಗೊತ್ತಿತ್ತು. ಎರಡನೇ ವಾರ ಕೈ ತೊಳೆಯೋಕೆ ಒಳಗೆ ಹೋದಾಗ ಅಡುಗೆಯಣ್ಣ ತೋರಿಸಿಕೊಟ್ಟಿದ್ದ."

"ಮತ್ತೆ ಯಾಕೆ ಮುರೀತಿದ್ರಿ?"

ಅವನು ಲೋಟದ ನೀರು ನೋಡುತ್ತ ಕೂತ. "ಇಡಿಯಾಗಿ ಬಂದ್ಬಿಟ್ರೆ ಇಲ್ಲಿಗೆ ಬರೋ ಕೆಲಸ ಮುಗೀತಿತ್ತಲ್ಲ."

ಇಷ್ಟು ಸಂತೋಷ ಮತ್ತು ಇಷ್ಟು ಸಂಕಟ ಒಟ್ಟಿಗೆ ಬಂದದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಹಾಗಾದರೆ ಇನ್ನೂ ಕಾಲ ಮಿಂಚಿಲ್ಲ ಎಂದು ಮನಸ್ಸು ಕುಣಿಯಿತು. ಅದು ಕುಣಿಯುತ್ತಿರುವಾಗಲೇ ಕೇಳಬೇಕಾದ ಪ್ರಶ್ನೆ ನೆನಪಾಯಿತು. ಕೇಳದಿದ್ದರೆ ಇನ್ನಷ್ಟು ದಿನ ಆಸೆ ಇಟ್ಟುಕೊಳ್ಳಬಹುದಿತ್ತು.

"ಎರಡನೇ ಕೊಂಡಿ ಒಡೆದ್ರಾ?"

"ಒಡೆದೆ."

"ಎಲ್ಲಿಟ್ರಿ?"

"ಅವಳ ತಟ್ಟೇಲಿ." ಅವನು ತಲೆಯೆತ್ತಿದ. "ಮೊದಲನೇದು ಗೊತ್ತಿಲ್ಲದೆ ಆಯ್ತು. ಇದು ಗೊತ್ತಿದ್ದೇ ಇಟ್ಟೆ. ಎರಡೂ ಮನೆಯವ್ರು ಸುತ್ತ ಕೂತಿದ್ರು. ಅವಳು ಕಾಯ್ತಾ ಇದ್ಲು. ಎದ್ದು ಬರೋ ಧೈರ್ಯ ನಂಗೆ ಇರ್ಲಿಲ್ಲ. ಈಗ ಹಿಂದಕ್ಕೆ ತಗೊಂಡ್ರೆ ಮೂರನೆಯವನೂ ಬಿಟ್ಟು ಹೋದ ಅಂತಾಗುತ್ತೆ, ಅವಳೇನು ಪಾಪ ಮಾಡಿದಾಳೆ ಹೇಳಿ."

ಏನೂ ಮಾಡಿಲ್ಲ. ಅದೇ ಕಷ್ಟ. ಅವನ ಮೇಲೆ ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ಅತ್ತುಬಿಡೋಣವೆಂದರೆ ಏಪ್ರನ್ ತೊಟ್ಟಿದ್ದೆ, ನಾಲ್ಕೂವರೆಯೊಳಗೆ ಹದಿನೆಂಟು ಮೇಜು ಸಿದ್ಧ ಮಾಡಬೇಕಿತ್ತು.

ಹೊರಡುವಾಗ ಅವನು ಬಾಗಿಲ ಹತ್ತಿರ ನಿಂತ. ಇಷ್ಟು ಚೆನ್ನಾಗಿ ಕಲಿಸಿದವರು ಯಾರೆಂದು ಅವಳು ಕೇಳಿದಳಂತೆ, ಹೋಟೆಲಿನಲ್ಲೊಬ್ಬರು ಟೀಚರ್ ಎಂದು ಇವನು ಹೇಳಿದ್ದಾನೆ, ನೋಡಲೇಬೇಕೆಂದು ಹಠ ಮಾಡುತ್ತಿದ್ದಾಳೆ. ಕರೆದುಕೊಂಡು ಬರಲಾ ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ.

"ಕರ್ಕೊಂಡು ಬನ್ನಿ" ಎಂದೆ ನಾನೇ. "ಮಂಗಳವಾರ ಬನ್ನಿ."

ಕೌಂಟರಿನ ಹಿಂದೆ ಎಲ್ಲರ ರಜೆಯ ಪಟ್ಟಿ ತೂಗುಹಾಕಿದೆ. ಅವನ ಕಣ್ಣು ಅಲ್ಲಿಗೆ ಹೋಗಿ ಬಂತು.

"ಮಂಗಳವಾರ ನಿಮಗೆ ರಜೆ."

"ಹೌದು."

ಅವನು ಆಯಿತು ಎಂದು ಹೇಳಿ, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋದ. ಅವನನ್ನು ನಾನು ನೋಡಿದ್ದು ಅದೇ ಕೊನೆ.

ಕೊಟ್ಟ ಮಾತಿಗೆ ತಪ್ಪುವವನಲ್ಲ. ತಿಂಗಳಿಗೊಮ್ಮೆ ಇಬ್ಬರೂ ಬರುತ್ತಾರಂತೆ, ಮಂಗಳವಾರವೇ. ಬೇಡವೆಂದರೂ ಅಡುಗೆಯಣ್ಣ ಬುಧವಾರ ಬೆಳಿಗ್ಗೆ ವರದಿ ಒಪ್ಪಿಸುತ್ತಾನೆ. ಟೀಚರ್ ಎಲ್ಲಿ ಎಂದು ಅವಳು ಪ್ರತಿ ಸಲ ಕೇಳುತ್ತಾಳೆ, ಇವತ್ತು ರಜೆ ಎಂದು ಅವನೇ ಉತ್ತರ ಕೊಡುತ್ತಾನೆ.

ಮೊನ್ನೆ ಮಾಲೀಕರು ನನ್ನ ರಜೆಯನ್ನು ಶುಕ್ರವಾರಕ್ಕೆ ಬದಲಾಯಿಸುತ್ತೇನೆ ಎಂದರು. ಬೇಡ ಸಾರ್, ಮಂಗಳವಾರ ಮನೆಯಲ್ಲಿ ಕೆಲಸ ಇರುತ್ತದೆ ಎಂದೆ. ಸುಳ್ಳಲ್ಲ. ಹೋಟೆಲಿಗೆ ಹೋಗದೆ ಇರುವುದೇ ಆ ಕೆಲಸ, ಅದಕ್ಕೆ ಇಡೀ ದಿನ ಬೇಕಾಗುತ್ತದೆ.