ಎಂಜಲು ತಾಗಿದ ಹರಳು

"ಗಿರಾಕಿ ತಂದ ಕಲ್ಲನ್ನ ಮಾತ್ರ ಮುಟ್ಟಬೇಡ," ಎಂದಳು ಅಂಗಡಿಯ ಒಡತಿ. "ಬಾಯಿ ಕಟ್ಟೋ ಕಲ್ಲುಗಳೂ ಬರ್ತವೆ. ಯಾರ ಎಂಜಲು ಮೊದಲು ತಾಗತ್ತೋ ಅವರ ದನಿ, ಕಲ್ಲು ತಂದವರ ಪಾಲು."

ಹಲ್ಲಿಗೆ ಹರಳು ಅಂಟಿಸುವ ಆ ಅಂಗಡಿಗೆ ಹೊಸಬಳು ಸೇರಿ ಇನ್ನೂ ವಾರ ತುಂಬಿರಲಿಲ್ಲ. ಬೆಳಗಿನಿಂದ ಕಂಡಕಂಡವರ ಬಾಯೊಳಗೆ ಇಣುಕಿ ಇಣುಕಿ ಸೊಂಟ ಬಿದ್ದುಹೋಗಿತ್ತು. ಇಂಥ ಅಡಗೂಲಜ್ಜಿ ಕತೆ ಕೇಳುವ ವ್ಯವಧಾನ ಎಲ್ಲಿಂದ ಬರಬೇಕು?

"ನನ್ನ ಬಾಯಿ ಕಟ್ಟೋ ಕಲ್ಲು ಇನ್ನೂ ಹುಟ್ಟಿಲ್ಲ ಬಿಡಿ," ಎಂದು ನಕ್ಕಳು.

ಒಡತಿ ನಗಲಿಲ್ಲ. ಅಂಟು ತರಬೇಕೆಂದು ಚಪ್ಪಲಿ ಮೆಟ್ಟಿ ಹೊರಟುಹೋದಳು.

ಸಂಜೆ ಕರೆಂಟು ಹೋಯಿತು. ಅಂಟು ಗಟ್ಟಿಮಾಡುವ ಬ್ಯಾಟರಿ ದೀಪದ ನೀಲಿ ಬೆಳಕೊಂದೇ ಉಳಿಯಿತು. ಆಗ ಮುದುಕಿಯೊಬ್ಬಳು ಸೊಸೆಯ ರಟ್ಟೆ ಹಿಡಿದು ಒಳಗೆ ಬಂದಳು. ಅವಳ ಹಿಂದೆಯೇ ಮುಗ್ಗಲು ವಾಸನೆ. ಮುಖವೆಲ್ಲ ಸುಕ್ಕುಗಟ್ಟಿದ್ದರೂ ದನಿ ಮಾತ್ರ ಹದಿನಾರರ ಹುಡುಗಿಯದು.

"ಇದನ್ನ ಇವಳ ಹಲ್ಲಿಗೆ ಕೂರಿಸಮ್ಮ," ಎಂದು ಚಿಂದಿಬಟ್ಟೆ ಬಿಚ್ಚಿದಳು. ಸಾಸಿವೆಗಿಂತ ಚಿಕ್ಕ ಕೆಂಪು ಹರಳು.

"ಬೇಡ ಅತ್ತೆ," ಎಂದಳು ಸೊಸೆ.

ಒಡತಿಯ ಮಾತು ಹೊಸಬಳಿಗೆ ನೆನಪಾಗದೆ ಇರಲಿಲ್ಲ. ಆದರೆ ಇದೊಂದು ಮುಗಿದರೆ ಮನೆ ಸೇರಬಹುದು. ಅತ್ತೆ ಸೊಸೆಯರ ಪಂಚಾಯಿತಿ ಮಾಡುವ ಕಸುವು ಮೈಯಲ್ಲಿರಲಿಲ್ಲ. ಸೊಸೆಯ ತುಟಿಗಳನ್ನು ಪ್ಲಾಸ್ಟಿಕ್ ಕ್ಲಿಪ್ಪಿನಿಂದ ಅಗಲಿಸಿ, ಹತ್ತಿ ತುರುಕಿ, ಹಲ್ಲು ಒಣಗಿಸತೊಡಗಿದಳು.

"ಮನೇಲಿ ಯಾರಿದಾರಮ್ಮ?" ಮುದುಕಿ ಕೇಳಿದಳು.

ಕೈ ಕೆಲಸದಲ್ಲಿದ್ದಾಗ ಹೊಸಬಳ ಬಾಯಿ ಸುಮ್ಮನಿರುವ ಜಾಯಮಾನದ್ದಲ್ಲ. "ತಂಗಿ ಒಬ್ಬಳೇ. ಪಾಪ, ಕಣ್ಣು ಕಾಣಲ್ಲ. ಹಿಂದಿನ ಬೀದೀಲಿ, ನೀರಿನ ಟ್ಯಾಂಕಿನ ಎದುರೇ ಮನೆ. ನನ್ನ ದನಿ ಕೇಳದೆ ಬಾಗಿಲು ತೆಗೀಬೇಡ ಅಂದಿದೀನಿ. ಕಾಯ್ತಾ ಕೂತಿರ್ತಾಳೆ."

ಹರಳು ಎತ್ತುವ ಮೇಣದ ಕಡ್ಡಿ ಉರುಳಿ ಕತ್ತಲಲ್ಲಿ ಎಲ್ಲೋ ಬಿತ್ತು. ಬಗ್ಗಿ ಹುಡುಕಲು ಸೊಂಟ ಒಪ್ಪಲಿಲ್ಲ. ಗ್ಲೌಸು ಕಿತ್ತಳು. ತೋರುಬೆರಳನ್ನು ನಾಲಿಗೆಗೆ ತಾಗಿಸಿ, ಆ ಒದ್ದೆಯಿಂದಲೇ ಹರಳನ್ನು ಎತ್ತಿಕೊಂಡಳು.

ಸೊಸೆಯ ಕಣ್ಣುಗಳು ದೊಡ್ಡವಾದವು.

ಬೆರಳು ಬಿಸಿಯಾಯಿತು. ಸುಟ್ಟ ಉಗುರಿನ ವಾಸನೆ. ನೋಡಿದರೆ ಬೆರಳ ಮೇಲೆ ಹರಳಿಲ್ಲ. ಬಾಯೊಳಗೆ ಚಳುಕು. ನಾಲಿಗೆ ಆಡಿಸಿದಳು. ತನ್ನದೇ ಮುಂಬಲ್ಲಿನ ಮೇಲೆ ಚೂಪಾದದ್ದೇನೋ ಕೂತಿತ್ತು. ಕಿರುಚಲು ಬಾಯಿ ತೆರೆದಳು. ಉಸಿರು ಬಂತು. ದನಿ ಬರಲಿಲ್ಲ.

"ನಿಂದಾದರೂ ಆಯ್ತು ಬಿಡು," ಎಂದಳು ಮುದುಕಿ. ಹದಿನಾರರ ದನಿಯಲ್ಲ ಅದು. ಹೊಸಬಳದೇ ದನಿ, ದಿನವಿಡೀ ಮಾತಾಡಿ ಬಿದ್ದ ಗಂಟಲಿನ ಒರಟು ಸಮೇತ. ಸೊಸೆ ಕ್ಲಿಪ್ಪು ಕಿತ್ತೆಸೆದು ಬೀದಿಗೆ ಓಡಿದಳು. ಮುದುಕಿ ಅವಸರವಿಲ್ಲದೆ ಎದ್ದು ಹೊರಗೆ ಹೋದಳು.

ಹೊಸಬಳು ಇಕ್ಕಳ ಹುಡುಕಿದಳು. ಹರಳು ಕದಲಲಿಲ್ಲ. ಮತ್ತೆ ಎಳೆದಳು. ಹಲ್ಲೇ ಕಿತ್ತು ಬಂತು. ಬಾಯಿ ತುಂಬ ರಕ್ತ. ದನಿ ಆಗಲೂ ಬರಲಿಲ್ಲ. ಆಮೇಲೆ ತಂಗಿಯ ನೆನಪಾಯಿತು.

ಓಡಿದಳು. ಬೀದಿಯುದ್ದಕ್ಕೂ ಕತ್ತಲು. ಟ್ಯಾಂಕಿನ ನೀರು ತೊಟ್ಟಿಕ್ಕುವ ಸದ್ದು. ಬಾಗಿಲು ಮುಚ್ಚಿತ್ತು. ಬಡಿದಳು. ಎರಡೂ ಕೈಯಿಂದ ಬಡಿದಳು.

"ಅಕ್ಕಾ, ಯಾರೋ ಬಾಗಿಲು ಬಡೀತಿದಾರೆ," ಒಳಗೆ ತಂಗಿಯ ದನಿ.

"ಬಡೀಲಿ ಬಿಡು. ನಾನು ಬಂದಾಯ್ತಲ್ಲ."

"ನಿನ್ನ ಕೈ ಯಾಕಕ್ಕ ಇಷ್ಟು ಒರಟಾಗಿದೆ?"

"ಕೆಲಸ ಕಣೇ. ಸುಸ್ತು."

"ನೀನು ಹೇಳಿದ ಹಾಗೇ ಮಾಡ್ದೆ ಗೊತ್ತಾ? ನಿನ್ನ ದನಿ ಕೇಳಿದ ಮೇಲೇ ಬಾಗಿಲು ತೆಗೆದೆ."

"ಜಾಣೆ," ಎಂದಿತು ಹೊಸಬಳ ದನಿ, ಒಳಗಿನಿಂದ ಮೇಲಿನ ಚಿಲಕವನ್ನೂ ಹಾಕುತ್ತ.