ಒಂದು ಗಂಟೆ ನಲವತ್ತೆಂಟು ನಿಮಿಷದ ಹಾರಾಟ

ಮಂಗಳವಾರ ಮಧ್ಯಾಹ್ನ 2.20ಕ್ಕೆ ವಿಮಾನ ನಿಲ್ದಾಣದ ಠಾಣೆಗೆ ವಿಮಾನ ಕಂಪನಿಯ ಮ್ಯಾನೇಜರ್ ಏದುಸಿರು ಬಿಡುತ್ತ ಬಂದು ದೂರು ಕೊಟ್ಟರು. ನೆರೆದೇಶದ ರಾಜಧಾನಿಗೆ 2.40ಕ್ಕೆ ಹೊರಡಬೇಕಿದ್ದ ವಿಮಾನದಲ್ಲಿ ಬಾಂಬ್ ಇದೆಯೆಂದು ಯಾರೋ ಫೋನ್ ಮಾಡಿದ್ದರು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಲು ಹೇಳಿ ಟೋಪಿ ಎತ್ತಿಕೊಂಡರು. ಶ್ವಾನದಳ ಸೂಟ್‌ಕೇಸುಗಳನ್ನೆಲ್ಲ ಮೂಸಿತು. ಏನೂ ಸಿಗಲಿಲ್ಲ. ಪಂಚನಾಮೆ ಮುಗಿದು 4.10ಕ್ಕೆ ವಿಮಾನ ಹಾರಿತು. ಪ್ರಯಾಣಿಕರಿಂದ ಬೈಸಿಕೊಂಡವರು ಮಾತ್ರ, ಯಥಾಪ್ರಕಾರ, ಪೊಲೀಸರು.

ಕರೆ ಬಂದದ್ದು ನಿಲ್ದಾಣದ ಕೆಳಮಹಡಿಯ ಸಾರ್ವಜನಿಕ ಫೋನಿನಿಂದ. ಅಲ್ಲಿನ ಕ್ಯಾಮೆರಾ ಕೆಟ್ಟು ಯಾವ ಕಾಲವಾಗಿತ್ತೋ. ಮಹಿಳಾ ಕಾನ್‌ಸ್ಟೆಬಲ್ ರೆಕಾರ್ಡಿಂಗನ್ನು ಮತ್ತೊಮ್ಮೆ ಕೇಳಿಸಿದಳು.

“ಒಂದು ಗಂಟೆ ನಲವತ್ತೆಂಟು ನಿಮಿಷದ ಹಾರಾಟ. ಅರ್ಧ ದಾರೀಲಿ ಸಿಡಿಯುತ್ತೆ. ಚೆಕ್ ಮಾಡಿ.”

“ಸಾರ್, ಟಿಕೆಟ್‌ನಲ್ಲಿ ಎರಡು ಗಂಟೆ ಇಪ್ಪತ್ತು ನಿಮಿಷ ಅಂತಿದೆ,” ಎಂದಳು.

“ಅದು ಗೇಟಿಂದ ಗೇಟಿಗೆ,” ಎಂದರು ಮ್ಯಾನೇಜರ್. “ಸಾವಿರದ ನಾನೂರು ಕಿಲೋಮೀಟರ್ ದೂರ. ಗಾಳೀಲಿರೋ ಹೊತ್ತು ದಿನಕ್ಕೊಂದು ಥರ.”

“ಹಾಗಾದ್ರೆ ಈ ನಲವತ್ತೆಂಟು?”

“ಇವತ್ತಿನ ಗಾಳಿಯ ಲೆಕ್ಕ.” ಮ್ಯಾನೇಜರ್ ಮುಖ ಸಪ್ಪಗಾಯಿತು. “ಪೈಲಟ್‌ಗೆ ಗೊತ್ತಿರುತ್ತೆ. ಲೆಕ್ಕ ಹಾಕಿ ಕೊಟ್ಟವನಿಗೆ ಗೊತ್ತಿರುತ್ತೆ.”

ಕರೆ ಬಂದ ಹೊತ್ತಿಗೆ ಪೈಲಟ್ ವಿಮಾನದೊಳಗೇ ಇದ್ದ.

ಲೆಕ್ಕದವನ ಕೋಣೆ ಮೊದಲ ಮಹಡಿಯಲ್ಲಿತ್ತು. ಮೂರು ಪರದೆಗಳ ತುಂಬ ಗಾಳಿಯ ಬಾಣಗಳು, ಮೇಜಿನ ಮೇಲೆ ಆರಿಹೋದ ಕಾಫಿ. ಅವನು ಎದ್ದು ನಿಂತ.

“ಮಧ್ಯಾಹ್ನ ಎರಡೂಕಾಲಿಗೆ ಎಲ್ಲಿದ್ರಿ?”

“ಕೆಳಗೆ.”

“ಯಾಕೆ?”

“ಆ ವಿಮಾನಕ್ಕೆ ಹೊರಟಿದ್ದ ಅಕ್ಕ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದಳು ಸಾರ್. ಅಪ್ಪ ವಿಮಾನ ಹೋಗೋ ಊರಲ್ಲೇ ಆಸ್ಪತ್ರೇಲಿದ್ದಾರೆ. ಡಾಕ್ಟರ್ ಕೈಚೆಲ್ಲಿದ್ರು. ಮುಂದಿನ ವಿಮಾನ ನಾಳೆ.”

“ನೀವೇ ಹೋಗಬಹುದಿತ್ತಲ್ಲ?”

“ನನ್ನ ಬದಲು ಕೂರೋರಿರಲಿಲ್ಲ. ಲೆಕ್ಕ ಇಲ್ಲದೆ ವಿಮಾನ ಏಳಲ್ಲ.”

“ಆ ನಿಮಿಷ ಯಾಕೆ ಹೇಳಿದ್ರಿ?”

“ದಿನಾ ಪೈಲಟ್‌ಗಳಿಗೆ ಲೆಕ್ಕ ಹೇಳೋವಾಗ ಹಾಗೇ ಶುರು ಮಾಡ್ತೀನಿ ಸಾರ್. ಬಾಯಿಗೆ ಬಂದುಬಿಡ್ತು.”

ಇನ್‌ಸ್ಪೆಕ್ಟರ್‌ಗೆ ಕೋಪ ಬರಬೇಕಿತ್ತು. ಬೆದರಿ ಅತ್ತ ಮಕ್ಕಳನ್ನು, ಎದೆ ಹಿಡಿದು ಕೂತ ಅಜ್ಜಿಯನ್ನು ಅವರು ಕಣ್ಣಾರೆ ನೋಡಿದ್ದರು. ಆದರೂ ಬಂದದ್ದು ಬರೀ ಸಂಕಟ. 7.15ಕ್ಕೆ ಬಂಧನ ದಾಖಲಾಯಿತು. ಬಂಧನವನ್ನು ಸಂಬಂಧಿಕರಿಗೆ ತಿಳಿಸಬೇಕೆಂಬುದು ನಿಯಮ. ಅವನು ಕೊಟ್ಟದ್ದು ಅಕ್ಕನ ನಂಬರು. ಕಾನ್‌ಸ್ಟೆಬಲ್ ಸ್ಪೀಕರ್ ಹಾಕಿ ಫೋನನ್ನು ಅವನ ಮುಂದಿಟ್ಟಳು.

ಅವನು ಬಾಯಿ ತೆರೆಯುವ ಮೊದಲೇ ಅಕ್ಕ ಶುರು ಮಾಡಿದಳು. “ಪುಟ್ಟಾ, ಯಾರೋ ಪುಣ್ಯಾತ್ಮ ವಿಮಾನ ತಡ ಮಾಡಿಸಿದ ಕಣೋ, ಇಲ್ದಿದ್ರೆ ತಪ್ಪಿಹೋಗ್ತಿತ್ತು. ಅಪ್ಪ ಕಣ್ಣು ಬಿಟ್ಟಿದ್ದಾರೆ. ನಿನ್ನನ್ನೇ ಕೇಳ್ತಿದ್ದಾರೆ. ಬೆಳಿಗ್ಗೆ ವಿಮಾನಕ್ಕೆ ಬಂದ್ಬಿಡು, ಎರಡು ಗಂಟೆ ದಾರಿ ತಾನೆ? ಅಲ್ಲೀವರೆಗೆ ಕಾಯ್ತೀನಿ ಅಂತಿದ್ದಾರೆ.”

ಇನ್‌ಸ್ಪೆಕ್ಟರ್ ತಲೆ ಎತ್ತಲಿಲ್ಲ.

“ಅಕ್ಕಾ,” ಎಂದ ಅವನು, “ಕಾಯಬೇಡಿ ಅಂತ ಅಪ್ಪನಿಗೆ ಹೇಳು.”