ಮೂರೂವರೆಗೆ ಸರಿಯಾಗಿ

೧೯೭೯ರ ಫೆಬ್ರವರಿ ೧೩, ಮಂಗಳವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಕಟಪಾಡಿಯ ಕ್ಲಾರಾ ಬಾಯಿ ಎಂಬ ವಿಧವೆ ಕಾಪು ಠಾಣೆಗೆ ಬಂದರು. ಇನ್‌ಸ್ಪೆಕ್ಟರ್ ಶೀನ ಬಂಗೇರ ತೋರಿಸಿದ ಬೆಂಚಿನಲ್ಲಿ ಕುಳಿತು, ಉಸಿರು ಸುಧಾರಿಸಿಕೊಂಡು, ನೇರವಾಗಿ ವಿಷಯಕ್ಕೆ ಬಂದರು.

“ನನ್ನ ಮಗಳು ಒಲಿಂಡಾ ಬಾವಿಗೆ ಹಾರಿದವಳಲ್ಲ ಸಾರ್. ಅದನ್ನು ನೀವು ಬರೆದು ಕೊಡಬೇಕು.”

“ಯಾರಿಗೆ ಬಾಯಮ್ಮ?”

“ಪಾದ್ರಿಯವರಿಗೆ. ಇವತ್ತು ಸಂಜೆ ಅವಳನ್ನು ಇಗರ್ಜಿಯ ಸ್ಮಶಾನದ ಗೋಡೆಯ ಹೊರಗೆ ಹೂಳ್ತಾರೆ. ಗಂಟೆ ಇಲ್ಲ, ಪೂಜೆ ಇಲ್ಲ. ತಾನಾಗಿ ಸತ್ತವರಿಗೆ ಒಳಗೆ ಜಾಗ ಇಲ್ಲವಂತೆ. ಗಂಡನೇ ಹೋಗಿ ಹೇಳಿದ್ದಾನೆ, ಮಕ್ಕಳಾಗಲಿಲ್ಲ ಅಂತ ಬೇಜಾರಿನಲ್ಲಿದ್ದಳು, ಹಾರಿಕೊಂಡಳು ಅಂತ.”

“ಹಾರಲಿಲ್ಲ ಅಂತ ನಿಮಗೆ ಹೇಗೆ ಗೊತ್ತು?”

“ಇವತ್ತು ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗ್ತೇನೆ ಅಂತ ಹೇಳಿ ಕಳಿಸಿದ್ದಳು. ಚೀಟಿ ಕೂಡ ಮಾಡಿಸಿ ಇಟ್ಟಿದ್ದಳು. ಸಾಯುವವಳು ಚೀಟಿ ಮಾಡಿಸ್ತಾಳಾ ಸಾರ್?”

ಬಂಗೇರರಿಗೆ ತಲೆ ಬಿಸಿಯಾದದ್ದು ಈ ಮಾತಿಗಲ್ಲ, ಆ ಗಂಡನ ಹೆಸರಿಗೆ. ಕ್ಲಾರೆನ್ಸ್. ಭಾರತ ತಂಡದ ಜರ್ಸಿ ತೊಟ್ಟು ಆಡಿದ ವಾಲಿಬಾಲ್ ಆಟಗಾರ. ಉಡುಪಿಯ ಬ್ಯಾಂಕೊಂದರಲ್ಲಿ ಆಟದ ಲೆಕ್ಕದಲ್ಲೇ ಸಿಕ್ಕಿದ ಕೆಲಸ. ಕಾಪುವಿನ ಕ್ಷೌರದಂಗಡಿಗಳಲ್ಲಿ ದೇವರ ಪಟದ ಪಕ್ಕ ಅವನ ಪಟವೂ ಇತ್ತು. ಇಂಥವನ ಮೇಲೆ ಎಫ್‌ಐಆರ್ ಹಾಕುವುದೆಂದರೆ ಜೇನುಗೂಡಿಗೆ ಕೈ ಹಾಕಿದ ಹಾಗೆ. ಆದರೂ ಮಧ್ಯಾಹ್ನದೊಳಗೆ ಕಲಂ ೩೦೨ರಡಿ ಪ್ರಕರಣ ದಾಖಲಾಯಿತು. ಎಫ್‌ಐಆರ್‌ನ ಪ್ರತಿ ನೋಡಿದ ಪಾದ್ರಿಯವರು, ಇದು ಆರೋಪ ಮಾತ್ರ, ನಿಯಮ ತನ್ನ ಕೈಯಲ್ಲಿಲ್ಲ ಎಂದು ಬೇಸರದಿಂದಲೇ ಹೇಳಿದರು. ಸಂಜೆ ಒಲಿಂಡಾ ಗೋಡೆಯ ಹೊರಗೇ ಮಣ್ಣಾದಳು.

ಹೆಣ ಸಿಕ್ಕಿದ ಭಾನುವಾರ ಸಂಜೆಯೇ ಬರೆದ ಪಂಚನಾಮೆ ಹೀಗಿತ್ತು: ಬಾವಿಕಟ್ಟೆ ಸೊಂಟದೆತ್ತರ. ಕೊಡಪಾನ ಅಡುಗೆಮನೆಯಲ್ಲಿ, ಒಣಗಿದೆ. ರಾಟೆಯ ಹಗ್ಗ ಸುತ್ತಿಟ್ಟಂತೆ ಇದೆ. ನೀರು ಸೇದಲು ಹೋಗಿ ಜಾರಿದ್ದಲ್ಲ ಎಂಬುದಷ್ಟೇ ಇದರಿಂದ ತಿಳಿಯಿತು. ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರು, ಹಣೆಯ ಗಾಯ ಬೀಳುವಾಗ ಆದದ್ದೂ ಇರಬಹುದು, ಮೊದಲೇ ಆದದ್ದೂ ಇರಬಹುದು ಎಂದು ಬರೆದಿದ್ದರು. ಎರಡೂ ಇರಬಹುದಾದರೆ ನಾನು ಯಾವುದನ್ನು ನ್ಯಾಯಾಲಯಕ್ಕೆ ಹೊತ್ತುಕೊಂಡು ಹೋಗಲಿ ಎಂದು ಬಂಗೇರ ಹೆಡ್ ಕಾನ್‌ಸ್ಟೇಬಲ್ ಅಂಗಾರನ ಮೇಲೆ ಸಿಡುಕಿದರು. ಅಂಗಾರ ಇಪ್ಪತ್ತೆರಡು ವರ್ಷದ ಸರ್ವಿಸಿನವನು. ಸಾಹೇಬರ ಸಿಡುಕಿಗೆ ಉತ್ತರ ಕೊಡುವ ಅಭ್ಯಾಸ ಬಿಟ್ಟು ಬಹಳ ಕಾಲವಾಗಿತ್ತು.

ನೆರೆಮನೆಯ ಲೊರ್ನಾ, ನಾಲ್ಕೂಕಾಲಿಗೆ ಒಲಿಂಡಾ ಹಿತ್ತಿಲ ಬೇಲಿಯ ಬಳಿ ಬಂದು ಇಡ್ಲಿ ಪಾತ್ರೆ ಹಿಂತಿರುಗಿಸಿದ್ದಾಗಿ ಹೇಳಿದಳು. ಆರೂ ಹತ್ತಕ್ಕೆ ಹೆಣ ನೋಡಿದ್ದೂ ಅವಳೇ.

“ಆಗ ಗಂಡ ಮನೆಯಲ್ಲಿದ್ದನಾ?”

“ನಾನು ನೋಡಲಿಲ್ಲ ಸಾರ್. ಆ ದಿನ ಕಟಪಾಡಿಯಲ್ಲಿ ಫೈನಲ್ ಮ್ಯಾಚ್ ಅಲ್ವಾ? ಅವರು ಅಲ್ಲಿರಬೇಕು.”

ಅಲ್ಲಿದ್ದನಂತೆ. ಕ್ಲಾರೆನ್ಸ್ ಹೇಳಿದ್ದೂ ಅದನ್ನೇ. ಎರಡೂವರೆಗೆ ಬೈಕಿನಲ್ಲಿ ಹೊರಟೆ, ಮೂರೂವರೆಗೆ ಆಟ ಶುರು, ಆರಕ್ಕೆ ಮುಗಿಯಿತು. ಸೋಮವಾರದ ಪತ್ರಿಕೆಯಲ್ಲೂ ಹಾಗೇ ಇತ್ತು: ‘ಮೂರೂವರೆಗೆ ಸರಿಯಾಗಿ ಆರಂಭವಾದ ಫೈನಲ್‌ನಲ್ಲಿ ಕ್ಲಾರೆನ್ಸ್ ಮೊದಲ ಕ್ಷಣದಿಂದಲೇ ಗುಡುಗಿನಂಥ ಹೊಡೆತಗಳಿಂದ ಕಾರ್ಕಳ ತಂಡವನ್ನು ಕಂಗೆಡಿಸಿದರು.’

ಮುಂದಿನ ಹತ್ತು ದಿನ ಬಂಗೇರರ ಪಾಲಿಗೆ ನರಕ. ಸಾಕ್ಷಿಗಳನ್ನು ಹುಡುಕಬೇಕಾಗಿರಲಿಲ್ಲ, ಅವರೇ ಸರತಿ ನಿಂತರು. ಮೀನು ವ್ಯಾಪಾರಿ, ಪೋಸ್ಟ್‌ಮ್ಯಾನ್, ಹೈಸ್ಕೂಲ್ ಹೆಡ್‌ಮಾಸ್ಟರು, ಎಲ್ಲರೂ ಅವನನ್ನು ಕಣ್ಣಾರೆ ಕಂಡವರೇ. ಉಡುಪಿ ಬಸ್ ನಿಲ್ದಾಣದ ಹೋಟೆಲುಗಳಲ್ಲಿ ಚಹಾ ತಣ್ಣಗಾಗುವವರೆಗೆ ಇದೇ ಮಾತು. ‘ದೇಶಕ್ಕೆ ಆಡಿದವ ಹೆಂಡತಿಯನ್ನು ಕೊಲ್ಲುತ್ತಾನಾ ಮಾರಾಯ?’ ಎಂದು ಒಬ್ಬ. ‘ಆಡಲಿಕ್ಕೂ ಕೊಲ್ಲಲಿಕ್ಕೂ ಎಂತ ಸಂಬಂಧ?’ ಎಂದು ಇನ್ನೊಬ್ಬ. ಒಲಿಂಡಾ ನರ್ಸಾಗಿದ್ದವಳು. ಮಣಿಪಾಲದ ಹಾಸ್ಟೆಲಿನ ಹುಡುಗಿಯರು ಅವಳ ಪರವಾಗಿ ಸಹಿ ಸಂಗ್ರಹಿಸಿದರೆ, ಹುಡುಗರ ಹಾಸ್ಟೆಲಿನಿಂದ ಅದಕ್ಕೆ ಎರಡರಷ್ಟು ಸಹಿ ಕ್ಲಾರೆನ್ಸ್ ಪರವಾಗಿ ಬಂತು. ಪತ್ರಿಕೆಗೆ ಬರೆದ ಓದುಗರಲ್ಲಿ ಹೆಚ್ಚಿನವರು ಒಲಿಂಡಾಳ ಹೆಸರನ್ನೂ ಬರೆದಿರಲಿಲ್ಲ, ‘ಅವರ ಪತ್ನಿ’ ಎಂದಷ್ಟೇ ಬರೆದಿದ್ದರು. ಬಂಗೇರರಿಗೆ ಇದು ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿತು. ಮೇಲಧಿಕಾರಿಗಳು ಫೋನ್ ಮಾಡಿ, ಸಾಕ್ಷ್ಯ ಇಲ್ಲದಿದ್ದರೆ ಬೇಗ ಮುಗಿಸಿ ಎಂದರು. ದಿನ ಬಿಟ್ಟು ದಿನ ಕ್ಲಾರಾ ಬಾಯಿ ಬಂದು ಬೆಂಚಿನಲ್ಲಿ ಕುಳಿತು, ಏನೂ ಕೇಳದೆ ಎದ್ದು ಹೋಗುತ್ತಿದ್ದರು.

ಫೆಬ್ರವರಿ ೨೬ರಂದು ಬಂಗೇರ ನಲವತ್ಮೂರು ಹೇಳಿಕೆಗಳ ಕಟ್ಟನ್ನು ಮೇಜಿನ ಮೇಲೆ ಎಸೆದರು.

“ಎಲ್ಲರೂ ಒಂದೇ ಹೇಳ್ತಾರೆ ಅಂಗಾರ. ಮೂರೂವರೆಗೆ ಸರಿಯಾಗಿ.”

“ಅದೇ ಸಾರ್ ನನಗೆ ಅರ್ಥ ಆಗದ್ದು,” ಎಂದ ಅಂಗಾರ. “ನಮ್ಮ ಕಡೆ ಯಾವ ಮ್ಯಾಚ್ ಸರಿಯಾದ ಸಮಯಕ್ಕೆ ಶುರುವಾದದ್ದುಂಟು? ಅತಿಥಿಗಳು ಬರಬೇಕು, ಭಾಷಣ ಆಗಬೇಕು, ಮೈಕ್ ಸರಿಯಾಗಬೇಕು. ನಾನು ನೋಡಿದ್ದರಲ್ಲಿ ಒಂದೂ ಇಲ್ಲ.”

ಬಂಗೇರ ಕಟ್ಟಿನಿಂದ ಪತ್ರಿಕೆಯ ತುಣುಕನ್ನು ಎಳೆದು ಇನ್ನೊಮ್ಮೆ ಓದಿದರು. ಆಮೇಲೆ ಟೊಪ್ಪಿ ತೆಗೆದುಕೊಂಡು ಎದ್ದರು.

ಕಟಪಾಡಿ ಪೇಟೆಯಲ್ಲಿ ಸೈಕಲ್ ಅಂಗಡಿಯ ಬದ್ರುದ್ದೀನ್ ಪತ್ರಿಕೆಯ ಏಜೆಂಟನೂ ಹೌದು, ವರದಿಗಾರನೂ ಹೌದು.

“ಈ ವರದಿ ಎಷ್ಟು ಹೊತ್ತಿಗೆ ಬರೆದದ್ದು?”

ಬದ್ರುದ್ದೀನ್ ಟ್ಯೂಬಿಗೆ ಗಾಳಿ ಹಾಕುವುದನ್ನು ನಿಲ್ಲಿಸಿದ. “ಮಧ್ಯಾಹ್ನ ಊಟಕ್ಕೆ ಮೊದಲು ಸಾರ್.”

“ಆಟಕ್ಕೆ ಮೊದಲು?”

“ಮೂರೂ ಹತ್ತರ ಬಸ್ಸಿನ ಕಂಡಕ್ಟರಿಗೆ ಕವರ್ ಕೊಡದಿದ್ದರೆ ಮರುದಿನ ಪೇಪರಿಗೆ ಬರುವುದಿಲ್ಲ. ಎಲ್ಲ ಮೊದಲೇ ಬರೆದು ಕಳಿಸುವುದು, ಯಾರು ಗೆದ್ದರು ಅಂತ ಮಾತ್ರ ಸಂಜೆ ಫೋನ್ ಮಾಡುವುದು. ಕ್ಲಾರೆನ್ಸ್ ಆಡಿದರೆ ಗುಡುಗಿನಂಥ ಹೊಡೆತ ಇದ್ದೇ ಇರ್ತದೆ ಅಲ್ವಾ?”

“ನೀವು ಆಟ ನೋಡಿದಿರಾ?”

“ಇಲ್ಲ ಸಾರ್. ಆ ದಿನ ತಂಗಿ ಮುನೀರಾಳ ಮನೆಯಲ್ಲಿ ಊಟ ಇತ್ತು.”

ನಲವತ್ಮೂರು ಮಂದಿ ಈ ಪುಣ್ಯಾತ್ಮ ನೋಡದ ಆಟವನ್ನು ಪತ್ರಿಕೆಯಲ್ಲಿ ಓದಿ ನೆನಪು ಮಾಡಿಕೊಂಡಿದ್ದರು. ಕೆಲವರು ಬೇಕೆಂದೇ, ಹಲವರು ಪ್ರೀತಿಯಿಂದ. ಯಾರು ಯಾವ ಬಗೆ ಎಂದು ಬೇರ್ಪಡಿಸುವ ತಾಳ್ಮೆ ಬಂಗೇರರಲ್ಲಿ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಅವರು ಕಾರ್ಕಳದಲ್ಲಿದ್ದರು. ಸೋತ ತಂಡದ ನಾಯಕ ಲೀಲಾಧರ ಹಂಚಿನ ಡಿಪೋದಲ್ಲಿ ಗುಮಾಸ್ತ.

“ಆಟ ಎಷ್ಟು ಹೊತ್ತಿಗೆ ಶುರುವಾಯಿತು?”

“ನಾಲ್ಕು ಮುಕ್ಕಾಲು. ಬೆಳ್ಮಣ್ಣಿನ ಹತ್ತಿರ ನಮ್ಮ ವ್ಯಾನ್ ಪಂಕ್ಚರ್ ಆಗಿ ತಡವಾಯಿತು.”

“ಆಗ ಕ್ಲಾರೆನ್ಸ್ ಇದ್ದನಾ?”

“ಎಲ್ಲಿದ್ದ ಸಾರ್? ಮೂರನೇ ಸೆಟ್ಟಿಗೆ ಬಂದ, ಐದೂ ಮುಕ್ಕಾಲಿಗೆ. ಬಂದವ ಒಮ್ಮೆಯೂ ಹಾರಲಿಲ್ಲ, ಹಿಂದೆಯೇ ನಿಂತ. ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು.”

“ಇದನ್ನು ಯಾಕೆ ಯಾರಿಗೂ ಹೇಳಲಿಲ್ಲ?”

“ಯಾರೂ ಕೇಳಲಿಲ್ಲ. ಸೋತವರ ಹತ್ತಿರ ಯಾರು ಕೇಳ್ತಾರೆ?”

ಬಂಗೇರರಿಗೆ ಕೆನ್ನೆಗೆ ಹೊಡೆದಂತಾಯಿತು. ಗೆದ್ದವರ ಊರಿನಲ್ಲೇ ಸುತ್ತಿ ಎರಡು ವಾರ ಹಾಳು ಮಾಡಿದ್ದು ಊರಿನವರಲ್ಲ, ತಾನು. ಜೀಪಿನಲ್ಲಿ ಹಿಂತಿರುಗುವಾಗ ಅವರು ಅಂಗಾರನಿಗೆ ಅದನ್ನು ಬಾಯಿಬಿಟ್ಟು ಹೇಳಿದರು. ಅಂಗಾರ ಇಲ್ಲ ಎನ್ನಲಿಲ್ಲ.

ಸ್ಕೋರ್ ಶೀಟ್ ಬರೆದವರು ಎಡ್ಮಂಡ್ ಮಾಸ್ಟರು. ಕ್ಲಾರೆನ್ಸ್‌ಗೆ ಒಂಬತ್ತನೆಯ ವಯಸ್ಸಿನಲ್ಲಿ ಚೆಂಡು ಹಿಡಿಯಲು ಕಲಿಸಿದವರು. ಶೀಟ್ ಕಳೆದುಹೋಗಿದೆ ಎಂದು ಮೊದಲು ಹೇಳಿಕೆ ಕೊಟ್ಟಿದ್ದರು. ಲೀಲಾಧರನ ಹೇಳಿಕೆ ಓದಿಸಿದ ಮೇಲೆ ಶಾಲೆಯ ಕಪಾಟಿನ ಬೀಗ ತೆಗೆದರು. ಮೂರನೇ ಸೆಟ್, ಬದಲಿ ಆಟಗಾರ, ೫-೪೭.

“ನನ್ನ ಕೈಯಾರೆ ಬರೆದದ್ದು ಸಾರ್,” ಎಂದರು ಮಾಸ್ಟರು. “ಹರಿಯಲಿಕ್ಕೆ ಮನಸ್ಸು ಬರಲಿಲ್ಲ. ಕೊಡಲಿಕ್ಕೂ ಬರಲಿಲ್ಲ.”

ಮಾರ್ಚ್ ೧, ಸಂಜೆ ನಾಲ್ಕಕ್ಕೆ ಕ್ಲಾರೆನ್ಸ್‌ನನ್ನು ಬ್ಯಾಂಕಿನಲ್ಲೇ ಬಂಧಿಸಲಾಯಿತು. ಠಾಣೆಯಲ್ಲಿ ಸ್ಕೋರ್ ಶೀಟ್ ಎದುರಿಟ್ಟಾಗ ಅವನು ತನ್ನ ಹೆಸರಿನ ಮೇಲೆ ಬೆರಳಿಟ್ಟ.

“ಮಂಡಿ ಮುಗಿದಿತ್ತು ಸಾರ್. ಇನ್ನು ಹಾರಲಿಕ್ಕಾಗುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ಒಲಿಂಡಾಗೆ ಮಾತ್ರ ಗೊತ್ತಿತ್ತು. ಯಾರಿಗೂ ಹೇಳುವುದಿಲ್ಲ ಅಂತ ಶಿಲುಬೆ ಮುಟ್ಟಿ ಹೇಳಿದ್ದಳು.”

“ಹೇಳಿದಳಾ?”

“ಅವಳ ಅಮ್ಮನಿಗೆ.”

“ನಿನಗೆ ಹೇಗೆ ಗೊತ್ತಾಯಿತು?”

“ಆ ದಿನ ಹೊರಡುವಾಗ ಎಣ್ಣೆಯ ಬಾಟಲಿ ತಂದಿಟ್ಟಳು. ಮಂಡಿನೋವಿಗೆ ಅಮ್ಮ ಕಾಯಿಸಿ ಕಳಿಸಿದ್ದು ಅಂದಳು. ಅತ್ತೆಗೆ ಗೊತ್ತಾದರೆ ಕಟಪಾಡಿಗೇ ಗೊತ್ತಾದ ಹಾಗೆ. ಆಟ ಇದ್ದದ್ದೂ ಕಟಪಾಡಿಯಲ್ಲೇ. ನಾನು ಹೊರಡಲೇ ಇಲ್ಲ, ಒಳಗೆ ಕೂತೆ. ಐದರ ಹೊತ್ತಿಗೆ ಬಾವಿಕಟ್ಟೆಯ ಹತ್ತಿರ ಕೇಳಿದೆ, ಇನ್ನು ಯಾರಿಗೆ ಹೇಳಿದ್ದಿ ಅಂತ. ಎಷ್ಟು ದಿನ ಅಂತ ಮುಚ್ಚಿಡುವುದು, ಎಲ್ಲರಿಗೂ ಹೇಳಿಬಿಡುವ ಅಂದಳು. ಆಮೇಲೆ ದೂಡಿದೆ.”

ಮನೆಯ ಅಟ್ಟದಲ್ಲಿ ಅಡಗಿಸಿಟ್ಟಿದ್ದ ಮಂಡಿಯ ಎಕ್ಸ್‌ರೇಯನ್ನು ಅವನೇ ತೋರಿಸಿದ. ಮಹಜರು ಬರೆದು ವಶಪಡಿಸಿಕೊಳ್ಳಲಾಯಿತು. ಎರಡು ದಿನದ ನಂತರ ಮ್ಯಾಜಿಸ್ಟ್ರೇಟರ ಎದುರು ಅವನು ಇದನ್ನೇ ಹೇಳಿದ.

ಅದಕ್ಕೂ ಮೊದಲು, ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಬಂಗೇರರ ಪೆನ್ನು ಎಣ್ಣೆಯ ಮಾತಿನ ಬಳಿ ನಿಂತಿತ್ತು. ಆ ಸಾಲು ಬಿಟ್ಟರೂ ಪ್ರಕರಣ ನಿಲ್ಲುತ್ತಿತ್ತು. ಬಿಡುವ ಆಸೆ ಅವರಿಗೆ ಬಹಳವಾಗಿತ್ತು. ಪ್ರೀತಿಗಾಗಿ ಆಟ ತಡವಾದ ಗಂಟೆಯನ್ನು ಹೇಳಿಕೆಯಲ್ಲಿ ನುಂಗಿದ ನಲವತ್ಮೂರು ಮಂದಿಯನ್ನು ಬೈದವರು ಅವರೇ. ಹಲ್ಲು ಕಚ್ಚಿಕೊಂಡು ಬರೆದರು.

ಬಿಷಪರ ಅನುಮತಿ, ತಹಶೀಲ್ದಾರರ ಆದೇಶ ಎಲ್ಲ ಸೇರಿ ಮಾರ್ಚ್ ೧೯ರ ಬೆಳಿಗ್ಗೆ ಒಲಿಂಡಾಳ ಶವಪೆಟ್ಟಿಗೆಯನ್ನು ಗೋಡೆಯ ಒಳಗೆ ತಂದರು. ಗಂಟೆ ಮೊಳಗಿತು. ಪಾದ್ರಿಯವರು ಪೂಜೆಯನ್ನು ಪೂರ್ತಿಯಾಗಿ ಮಾಡಿದರು. ಬಂದವರು ಕ್ಲಾರಾ ಬಾಯಿ, ಲೊರ್ನಾ, ಇಬ್ಬರು ನರ್ಸುಗಳು, ಬಂಗೇರ ಮತ್ತು ಅಂಗಾರ. ಇನ್‌ಸ್ಪೆಕ್ಟರರ ವರ್ಗಾವಣೆಗೆ ಒತ್ತಾಯಿಸಿ ಅದೇ ಹೊತ್ತಿಗೆ ಕಾಪು ಪೇಟೆಯಲ್ಲಿ ಮೆರವಣಿಗೆ ಇತ್ತು. ಊರಿನವರೆಲ್ಲ ಅಲ್ಲಿದ್ದರು.

ಎಲ್ಲ ಮುಗಿದ ಮೇಲೆ ಕ್ಲಾರಾ ಬಾಯಿ ಬಂಗೇರರ ಬಳಿ ಬಂದರು. ಅವರ ಮುಖದಲ್ಲಿ ಆ ದಿನ ಮೊದಲ ಬಾರಿಗೆ ಒಂದಿಷ್ಟು ನೆಮ್ಮದಿ ಇತ್ತು.

“ಯಾಕೆ ಮಾಡಿದೆ ಅಂತ ಅವನು ಹೇಳಿದನಾ ಸಾರ್?”

ಕೋರ್ಟಿನಲ್ಲಿ ವಕೀಲರೊಬ್ಬರು ಇದನ್ನು ಗಟ್ಟಿಯಾಗಿ ಓದುವ ದಿನ ಈಕೆ ಮುಂದಿನ ಸಾಲಿನಲ್ಲೇ ಕುಳಿತಿರುತ್ತಾರೆ ಎಂಬುದು ಬಂಗೇರರಿಗೆ ಗೊತ್ತಿತ್ತು.

“ಹೇಳಿದ ಬಾಯಮ್ಮ. ನನ್ನ ಬಾಯಿಂದಲೇ ಕೇಳಿ.”

ಎಲ್ಲವನ್ನೂ ಹೇಳಿದರು. ಯಾವುದನ್ನೂ ಬಿಡಲಿಲ್ಲ. ಕ್ಲಾರಾ ಬಾಯಿ ಹೊಸ ಮಣ್ಣಿನ ಕಡೆ ತಿರುಗಿ, ತಪ್ಪು ಒಪ್ಪಿಕೊಳ್ಳುವವರ ಸಣ್ಣ ದನಿಯಲ್ಲಿ ಹೇಳಿದರು.

“ಬಿಸಿ ಮಾಡಿ ಹಚ್ಚಲಿಕ್ಕೆ ಹೇಳಿದ್ದೆ ಸಾರ್. ಅವನಿಗೆ ಬೇಗ ವಾಸಿಯಾಗಲಿ ಅಂತ.”